ಹಳೆಯ ಹಕ್ಕಿಗ್ರಂಥದ ಫಲಕಗಳಲ್ಲಿರುವ ‘ಇ. ಗೂಲ್ಡ್’ ಯಾರು?

ಪ್ರಶ್ನೆ

ಹಿಮಾಲಯದ ಹಕ್ಕಿಗಳನ್ನು ಕುರಿತು 1830ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಗ್ರಂಥವೊಂದರ ಡಿಜಿಟಲ್ ಪ್ರತಿಯನ್ನು ನೋಡುತ್ತಿದ್ದೇನೆ. ಕರ್ತೃವಾಗಿ ಜಾನ್ ಗೂಲ್ಡ್ ಒಬ್ಬರ ಹೆಸರಷ್ಟೇ ಇದೆ. ಆದರೆ ಪುಟವನ್ನು ಬಹಳ ಹಿಗ್ಗಿಸಿದಾಗ, ಫಲಕದ, ಅಂದರೆ ಇಡೀ ಪುಟದ ಮುದ್ರಿತ ಚಿತ್ರದ, ಕೆಳ ಅಂಚಿನಲ್ಲಿ ‘ನಿಸರ್ಗದಿಂದ ನೋಡಿ ಕಲ್ಲಿನ ಮೇಲೆ ಬಿಡಿಸಿದವರು ಇ. ಗೂಲ್ಡ್’ ಎಂಬರ್ಥದ ಸಾಲೊಂದು ಕಾಣುತ್ತದೆ. ಇವರು ಯಾರು? ಇಂತಹ ಹೆಸರುಗಳನ್ನು ಹುಡುಕುವುದು ಹೇಗೆ?

ಮೊದಲ ಉತ್ತರ

ಅವರು ಜಾನ್ ಅವರ ಪತ್ನಿ ಎಲಿಜಬೆತ್ ಗೂಲ್ಡ್. ಆ ಗ್ರಂಥದ 80 ಫಲಕಗಳೂ ಅವರ ಕೈಯಿಂದ ಬಂದವು. ಜಾನ್ ಕೊಡುತ್ತಿದ್ದುದು ಬಹುಮಟ್ಟಿಗೆ ಕಚ್ಚಾ ರೇಖೆಗಳನ್ನು. ಅವನ್ನು ಪೂರ್ಣ ಚಿತ್ರವಾಗಿಸಿ, ಜಿಡ್ಡಿನ ಕಡ್ಡಿಯಿಂದ ಮುದ್ರಣದ ಕಲ್ಲಿನ ಮೇಲೆ, ಅದೂ ಎಡಬಲ ತಿರುಗುಮುರುಗಾಗಿ ಬಿಡಿಸುವ ಕೆಲಸ ಎಲಿಜಬೆತ್ ಅವರದಾಗಿತ್ತು. 1841ರಲ್ಲಿ, ಹೆರಿಗೆಯ ಬೆನ್ನಲ್ಲೇ ತೀರಿಕೊಳ್ಳುವ ಹೊತ್ತಿಗೆ ಆಸ್ಟ್ರೇಲಿಯಾದ ಹಕ್ಕಿಗಳ ಗ್ರಂಥಕ್ಕಾಗಿ ಇನ್ನೂ 84 ಫಲಕಗಳನ್ನು ಮಾಡಿದ್ದರು.

ತಾವು ನೋಡಿದ ಅಂಚೇ ಸರಿಯಾದ ಜಾಗ. ತಾಮ್ರಫಲಕದ ಮುದ್ರಣಗಳಾದರೆ ಸಾಮಾನ್ಯವಾಗಿ ಎಡಗಡೆ ಹೆಸರಿನ ಮುಂದೆ ‘ಡೆಲಿನಿಯಾವಿಟ್’ ಅಥವಾ ಅದರ ಮೊಟಕು ರೂಪವಿದ್ದರೆ ಚಿತ್ರ ಬರೆದವರು, ಬಲಗಡೆ ‘ಸ್ಕಲ್ಪ್‌ಸಿಟ್’ ಎಂದಿದ್ದರೆ ಕೆತ್ತಿದವರು ಎಂದು ತಿಳಿಯಬೇಕು. ಗ್ರಂಥಸೂಚಿಗಳು ಹೆಚ್ಚಾಗಿ ಶೀರ್ಷಿಕೆ ಪುಟವನ್ನು ಅನುಸರಿಸುವುದರಿಂದ ಅಂಚಿನ ಹೆಸರು ಅಂಚಿನಲ್ಲೇ ಉಳಿದುಬಿಡುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತಲೇ ಒಂದು ಆಕ್ಷೇಪವನ್ನು ಹೇಳಬೇಕಾಗಿದೆ. ಇಂತಹ ಚಿತ್ರಕಾರ್ತಿಯರು ಅಲಕ್ಷಿತರಾಗಲು ಹೆಸರು ಅಂಚಿನಲ್ಲಿ ಮರೆಯಾದುದಷ್ಟೇ ಕಾರಣವಾಗಿದ್ದರೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ಪ್ರಕರಣವನ್ನು ವಿವರಿಸಲಾಗದು. ಪತಿ ಸಾಲದ ಸೆರೆಮನೆಯಲ್ಲಿದ್ದಾಗ, 1737ರಿಂದ 1739ರ ನಡುವೆ ಕಂತುಗಳಾಗಿ ಪ್ರಕಟಿಸಿದ ಔಷಧಿ ಸಸ್ಯಗಳ ಗ್ರಂಥದಲ್ಲಿ 500 ಫಲಕಗಳಿವೆ. ಚಿತ್ರ ಬರೆಯುವುದು, ತಾಮ್ರದಲ್ಲಿ ಕೊರೆಯುವುದು, ಬಣ್ಣ ಹಚ್ಚುವುದು ಆ ಕಾಲದಲ್ಲಿ ಸಾಮಾನ್ಯವಾಗಿ ಬೇರೆ ಬೇರೆಯವರ ಕಸುಬು. ಅವರು ಮೂರನ್ನೂ ತಾವೇ ಮಾಡಿದರು. ಶೀರ್ಷಿಕೆ ಪುಟದಲ್ಲಿ ಹೆಸರೂ ಇದೆ. ಸುರಿನಾಮಿನ ಕೀಟಗಳ ರೂಪಾಂತರವನ್ನು 60 ಫಲಕಗಳಲ್ಲಿ ತೋರಿಸಿದ ಮರಿಯಾ ಸಿಬಿಲ್ಲಾ ಮೆರಿಯನ್ ಅವರ 1705ರ ಗ್ರಂಥದಲ್ಲೂ ಅಷ್ಟೇ, ಹೆಸರು ಎದ್ದು ಕಾಣುತ್ತದೆ. ಆದರೂ ಕಲಾ ಇತಿಹಾಸಕಾರರು ಬಹುಕಾಲ ಇತ್ತ ತಿರುಗಲಿಲ್ಲ; ಏಕೆಂದರೆ ಒಂದು ಸಸ್ಯಶಾಸ್ತ್ರದ ಕಪಾಟಿನಲ್ಲಿತ್ತು, ಇನ್ನೊಂದು ಕೀಟಶಾಸ್ತ್ರದ ಕಪಾಟಿನಲ್ಲಿ. ಆದ್ದರಿಂದ ಕಲೆಯ ವಿಭಾಗವನ್ನು ಬಿಟ್ಟು ಹೊರಗೆ ಹುಡುಕಿರಿ ಎಂಬುದೇ ನನ್ನ ಸಲಹೆ.

ಮೂರನೆಯ ಉತ್ತರ

ಮೊದಲಕ್ಷರಗಳನ್ನು ಕಂಡಾಗ ಎಚ್ಚರವಿರಲಿ. ಆನಾ ಅಟ್ಕಿನ್ಸ್ 1843ರಲ್ಲಿ ಆರಂಭಿಸಿದ ಪಾಚಿಗಳ ಗ್ರಂಥ, ಛಾಯಾಚಿತ್ರಗಳಿಂದ ರೂಪಿಸಿದ ಮೊತ್ತಮೊದಲ ಪುಸ್ತಕವೆಂದು ಈಗ ಮನ್ನಣೆ ಪಡೆದಿದೆ, ಅದರಲ್ಲಿದ್ದ ‘ಎ.ಎ.’ ಎಂಬುದನ್ನು ‘ಅನಾನಿಮಸ್ ಅಮೆಚೂರ್’, ಅಂದರೆ ಅನಾಮಧೇಯ ಹವ್ಯಾಸಿ ಎಂದು ಓದಿದ್ದೂ ಉಂಟು! ಹಸ್ತಪ್ರತಿಗಳಲ್ಲಾದರೆ ಕೊನೆಯ ಒಕ್ಕಣೆಯನ್ನು ನೋಡಬೇಕು. 975ರ, ಸ್ಪೇನಿನ ಜಿರೋನಾ ಹಸ್ತಪ್ರತಿಯಲ್ಲಿ ಎಂಡೆ ಎಂಬಾಕೆಯನ್ನು ‘ಡೆಪಿಂಟ್ರಿಕ್ಸ್’ ಎಂದು ಕರೆಯಲಾಗಿದೆ; ಆ ಲ್ಯಾಟಿನ್ ಪದ ಸ್ತ್ರೀಲಿಂಗವಾದ್ದರಿಂದಲೇ ಚಿತ್ರಕಾರ್ತಿ ಎಂದು ತಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಾನು ಬಳಸುವ ಗ್ರಂಥಸೂಚಿಯಲ್ಲಿ ‘ಚಿತ್ರಕಾರರು’ ಎಂಬ ಪ್ರತ್ಯೇಕ ಅಂಕಣವೇ ಇದೆ. ಈ ಗ್ರಂಥದ ಮುಂದೆ ಅದು ಖಾಲಿ. ಫಲಕದ ಅಂಚಿನ ಚಿತ್ರವನ್ನು ಲಗತ್ತಿಸಿ ಸೂಚಿಯನ್ನು ನಿರ್ವಹಿಸುವವರಿಗೆ ಇಂದೇ ಬರೆಯುತ್ತಿದ್ದೇನೆ.