ಮಂಗಳೂರಿನ ಕೂಳೂರು ಸಂಕದಲ್ಲಿ (ಸೇತುವೆಯಲ್ಲಿ) ಸೈಕಲ್‌ನವ ಎಲ್ಲಿ ಹೋಗುದು ಮಾರಾಯ್ರೆ?

ಕಡಲತಡಿ: ಸುರತ್ಕಲ್‌ನಿಂದ ಕೊಟ್ಟಾರ ಚೌಕಿಗೆ ಬೆಳಿಗ್ಗೆ ಸೈಕಲ್ಲಲ್ಲೇ ಹೋಗುದು ನಾನು. ಹೈವೇ 66ರಲ್ಲಿ ಎಡಬದಿಯಲ್ಲೇ ಇರ್ತೇನೆ, ಆದ್ರೆ ಸಂಕ ಬಂದ ಕೂಡ್ಲೇ ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹಾಕ್ತಾ ಮೈಮೇಲೇ ಬಂದ ಹಾಗೆ ಆಗ್ತದೆ. ಎಂತ ಮಾಡುದು?

ಗಾಲಿಮಂಡೆ: ತೀರಾ ಅಂಚಿಗೆ ಹೋಗ್ಬೇಡಿ. ಅಂಚಲ್ಲಿದ್ರೆ ಹಿಂದಿನವನಿಗೆ ನುಸುಳಿ ಓವರ್‌ಟೇಕ್ ಮಾಡ್ಬಹುದು ಅಂತ ಕಾಣ್ತದೆ, ಮತ್ತೆ ಮಳೆಗಾಲದಲ್ಲಿ ಜಲ್ಲಿ, ನೀರು ತುಂಬಿದ ಹೊಂಡ ಎಲ್ಲ ಅಲ್ಲೇ ಇರುದು, ಬಿಳಿ ಪಟ್ಟಿ ಬೇರೆ ಒದ್ದೆಯಾದ್ರೆ ಜಾರ್ತದೆ. ಸಂಕಕ್ಕೆ ಮುಂಚೆಯೇ ಹಿಂದೆ ನೋಡಿ, ಕೈ ತೋರ್ಸಿ, ಸ್ವಲ್ಪ ಒಳಗೆ ಬಂದು ನೇರ ಹೋಗಿ. ದಾಟಿದ ಮೇಲೆ ದಾರಿ ಬಿಡಿ, ಅದೂ ಮರ್ಯಾದೆಯೇ.

ಬಜ್ಪೆಯವ: ನಾನು ಕಾರು ಓಡಿಸುವವ, ಆದ್ರೂ ಹೇಳ್ತೇನೆ. ಒಂದೂವರೆ ಮೀಟರ್ ಗ್ಯಾಪ್ ಸಿಗದಿದ್ರೆ ಸೈಕಲ್ ಹಿಂದೆಯೇ ನಿಧಾನ ಹೋಗ್ಬೇಕು, ಅರ್ಧ ನಿಮಿಷಕ್ಕೆ ಎಂತ ಗಂಟು ಹೋಗ್ತದೆ? ಆದ್ರೆ ರಾತ್ರಿ ಲೈಟಿಲ್ಲದೆ ರಾಂಗ್ ಸೈಡಲ್ಲಿ ಬರುವ ಸೈಕಲ್‌ನವರಿಗೆ ಯಾರು ಹೇಳುದು! ಹಿಂದೆ ಒಂದು ಕೆಂಪು ಲೈಟ್ ಹಾಕ್ಸಿ, ಜೋರು ಮಳೆಗೆ ಬರೀ ರಿಫ್ಲೆಕ್ಟರ್ ಸಾಕಾಗುದಿಲ್ಲ.

ಮಣಿಪಾಲ ಗುಡ್ಡೆ: ಕಾರಿನವರಿಗೆ ಇನ್ನೊಂದು ಉಂಟು. ಪಾರ್ಕ್ ಮಾಡಿ ಇಳಿಯುವಾಗ ಡ್ರೈವರ್ ಸೀಟಿನವರು ಎಡಗೈಯಲ್ಲಿ ಡೋರ್ ತೆಗಿರಿ, ಮೈ ತನ್ನಷ್ಟಕ್ಕೇ ತಿರುಗಿ ಹಿಂದೆ ಬರುವ ಸೈಕಲ್ ಕಾಣ್ತದೆ.