ದತ್ತಾಂಶ ವಿಜ್ಞಾನದ (ಡೇಟಾ ಸೈನ್ಸ್) ಪದವಿಗೆ ಯಾವ ವಿಶ್ವವಿದ್ಯಾಲಯ? ಸಂಖ್ಯಾಶಾಸ್ತ್ರದ ಅಧ್ಯಾಪಕಿಯೊಂದಿಗೆ ಆನ್‌ಲೈನ್ ಗುಂಪಿನಲ್ಲಿ ಪ್ರಶ್ನೋತ್ತರ

ಹಾಸನದ ಪೋಷಕರು: ಮೇಡಂ, ನಮಸ್ಕಾರ. ನನ್ನ ಮಗಳಿಗೆ ದ್ವಿತೀಯ ಪಿಯುಸಿ ಗಣಿತದಲ್ಲಿ 97 ಅಂಕ ಬಂದಿದೆ. ಸಿಇಟಿ ರ‍್ಯಾಂಕ್ ಮಾತ್ರ ನಿರೀಕ್ಷಿಸಿದಂತೆ ಬರಲಿಲ್ಲ. ಬೆಂಗಳೂರಿನ ಒಂದು ಡೀಮ್ಡ್ ವಿಶ್ವವಿದ್ಯಾಲಯದವರು ದತ್ತಾಂಶ ವಿಜ್ಞಾನದ ಬಿ.ಟೆಕ್. ಸೀಟಿಗೆ ಶುಕ್ರವಾರದೊಳಗೆ ಒಂದು ಲಕ್ಷ ರೂಪಾಯಿ ಕಟ್ಟಿರೆಂದು ದಿನಕ್ಕೆರಡು ಬಾರಿ ಕರೆ ಮಾಡುತ್ತಿದ್ದಾರೆ. ಉಳಿದ ಶುಲ್ಕಕ್ಕೆ ಜಮೀನು ಅಡವಿಡಬೇಕು. ಇಲ್ಲಿಯ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರದ ಬಿ.ಎಸ್ಸಿ. ಇದೆ. ಏನು ಮಾಡಲಿ?

ಅಧ್ಯಾಪಕಿ: ದಯವಿಟ್ಟು ಶುಕ್ರವಾರ ಹಣ ಕಟ್ಟಬೇಡಿ. ಪದವಿಯ ಹೆಸರನ್ನು ಬದಿಗಿಟ್ಟು, ಎಂಟೂ ಸೆಮಿಸ್ಟರ್‌ಗಳ ಪಠ್ಯಕ್ರಮವನ್ನು ಲಿಖಿತವಾಗಿ ಕೇಳಿ. ಅದರಲ್ಲಿ ಸಂಭವನೀಯತೆ, ಸಂಖ್ಯಾಶಾಸ್ತ್ರ ಮತ್ತು ರೇಖೀಯ ಬೀಜಗಣಿತಕ್ಕೆ ಎಷ್ಟು ಪತ್ರಿಕೆಗಳಿವೆ, ಅವನ್ನು ಕಲಿಸುವವರು ಆ ವಿಷಯವನ್ನೇ ಓದಿದವರೇ ಎಂಬುದನ್ನು ಎಣಿಸಿ ನೋಡಿ. ಕಂಪ್ಯೂಟರ್ ವಿಜ್ಞಾನದ ಹಳೆಯ ಪಠ್ಯಕ್ಕೆ ನಾಲ್ಕು ಪತ್ರಿಕೆ ಸೇರಿಸಿ ಹೊಸ ಹೆಸರಿಟ್ಟ ಪದವಿಗಳನ್ನು ನಾನು ಕಂಡಿದ್ದೇನೆ. ಮೂಲ ಅಂಕಪಟ್ಟಿಗಳನ್ನು ಯಾರಿಗೂ ಬಿಟ್ಟುಕೊಡಬೇಡಿ. ಅವನ್ನು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮವೇ ಇದೆ. ಊರಿನಲ್ಲಿ ಬಿ.ಎಸ್ಸಿ. ಓದುತ್ತಲೇ ಮದ್ರಾಸ್ ಐಐಟಿ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿಗೂ ಸೇರಬಹುದು. ಅದಕ್ಕೆ ಜೆಇಇ ಬೇಕಿಲ್ಲ, ಆದರೆ ಅದರದೇ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆಗಳನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು. ಎರಡನ್ನೂ ಒಟ್ಟಿಗೆ ಓದುವುದು ಸುಲಭವಲ್ಲ. ಆದ್ದರಿಂದ ಮಗಳೇ ಈ ಗುಂಪಿನಲ್ಲಿ ನನಗೆ ಬರೆಯಲಿ, ಓದುವವಳು ಅವಳು.

ತುಮಕೂರಿನ ವಿದ್ಯಾರ್ಥಿ: ಗಣಿತ ಕಡಿಮೆ ಇರುವ ದತ್ತಾಂಶ ವಿಜ್ಞಾನದ ಕೋರ್ಸ್ ಯಾವುದು, ಮೇಡಂ?

ಅಧ್ಯಾಪಕಿ: ಗಣಿತ ಬೇಡವೆಂದರೆ ಈ ಪದವಿಯೂ ಬೇಡ.

ರಾಯಚೂರಿನ ಪೋಷಕರು: ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಸೌಕರ್ಯ ಹೇಗಿದೆ?

ಮಂಡ್ಯದ ಸದಸ್ಯರು: ‘ದತ್ತಾಂಶ ವಿಜ್ಞಾನದ ಟಾಪ್ 10 ವಿಶ್ವವಿದ್ಯಾಲಯಗಳು, ಶೇ. 100 ಉದ್ಯೋಗ ಖಾತ್ರಿ’ ಎಂಬ ಈ ಸಂದೇಶ ನಮ್ಮ ಬಳಗದಲ್ಲಿ ಬಂದಿದೆ. ಎಲ್ಲರಿಗೂ ಉಪಯೋಗವಾಗಲಿ.

ಅಧ್ಯಾಪಕಿ: ಈ ವಾರ ನನಗೆ ಬಂದಿರುವ ಇಂತಹ ಪಟ್ಟಿಗಳಲ್ಲಿ ಇದು ಮೂರನೆಯದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ದತ್ತಾಂಶ ವಿಜ್ಞಾನವೆಂಬ ವಿಭಾಗವೇ ಇಲ್ಲ. ಯಾರು, ಯಾವ ಆಧಾರದ ಮೇಲೆ ಮಾಡಿದರೆಂದು ತಿಳಿಯದ ಪಟ್ಟಿಯನ್ನು ನಂಬಿ ಜಮೀನು ಅಡವಿಡುವವರು ಈ ಗುಂಪಿನಲ್ಲಿಯೇ ಇದ್ದಾರೆ. ಇದನ್ನು ಅಳಿಸಿ.

ಬೆಂಗಳೂರಿನ ಎಂಜಿನಿಯರ್: ಕ್ಷಮಿಸಿ, ಮೇಡಂ, ಬಿ.ಎಸ್ಸಿ. ಓದಿದವರನ್ನು ನಮ್ಮ ಕಂಪನಿಯವರು ಸಂದರ್ಶನಕ್ಕೇ ಕರೆಯುವುದಿಲ್ಲ. ಮಕ್ಕಳ ದಾರಿ ತಪ್ಪಿಸಬೇಡಿ.

ಮೈಸೂರಿನ ಸದಸ್ಯೆ: ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ 11 ವರ್ಷಗಳಿಂದ ವಿಮಾ ಕ್ಷೇತ್ರದಲ್ಲಿ ದತ್ತಾಂಶ ವಿಜ್ಞಾನದ ಕೆಲಸವನ್ನೇ ಮಾಡುತ್ತಿದ್ದೇನೆ. ನಿಮ್ಮ ಒಂದು ಕಂಪನಿಯೇ ಇಡೀ ಜಗತ್ತಲ್ಲ.

ಬೆಂಗಳೂರಿನ ಎಂಜಿನಿಯರ್: ನೀವು ಎಂ.ಎಸ್ಸಿ. ಮಾಡಿದ್ದೀರಿ; ನಾನು ಹೇಳಿದ್ದು ಬಿ.ಎಸ್ಸಿ.ಗೆ ನಿಲ್ಲಿಸಿದವರ ವಿಷಯ. ಓದಿ ಉತ್ತರಿಸಿ.

ಮೈಸೂರಿನ ಸದಸ್ಯೆ: ಓದುವುದನ್ನು ನೀವು ನನಗೆ ಕಲಿಸಬೇಕಿಲ್ಲ.

ಅಧ್ಯಾಪಕಿ: ಇಬ್ಬರೂ ಸಾಕು ಮಾಡಿ. ಎಂಜಿನಿಯರ್ ಹೇಳಿದ್ದರಲ್ಲಿ ಸತ್ಯವಿದೆ: ಬಿ.ಎಸ್ಸಿ. ಒಂದೇ ಸಾಲದು, ಮುಂದೆ ಎಂ.ಎಸ್ಸಿ. ಓದಲೇಬೇಕಾಗುತ್ತದೆ. ಅದಕ್ಕೆ ಐಐಟಿಗಳ ಜ್ಯಾಮ್ ಪರೀಕ್ಷೆಯಿದೆ; ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆಯಲ್ಲಿಯೂ 2024ರಿಂದ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆಯಿದೆ. ಆ ಖರ್ಚು, ಆ ವರ್ಷಗಳನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಶಿವಮೊಗ್ಗದ ವಿದ್ಯಾರ್ಥಿನಿ: ಗಣಿತ ಕಷ್ಟವೆನಿಸುವವರು ಈ ಪದವಿ ಓದಬಹುದೇ?

ಅಧ್ಯಾಪಕಿ: ಮೇಲೆ ಉತ್ತರಿಸಿದ್ದೇನೆ.

ರಾಯಚೂರಿನ ಪೋಷಕರು: ಹಾಸ್ಟೆಲ್ ಬಗ್ಗೆ ಯಾರಾದರೂ ತಿಳಿಸುತ್ತೀರಾ?

ಹಾಸನದ ವಿದ್ಯಾರ್ಥಿನಿ: ಮೇಡಂ, ಅಪ್ಪನ ಫೋನಿನಿಂದ ಬರೆಯುತ್ತಿದ್ದೇನೆ. ಪಠ್ಯಕ್ರಮ ತರಿಸಿಕೊಂಡು ನೋಡಿದೆ. ಎಂಟು ಸೆಮಿಸ್ಟರ್‌ಗಳಲ್ಲಿ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ ಸೇರಿ ಒಂದೇ ಪತ್ರಿಕೆ ಇದೆ. ಇಲ್ಲಿಯ ಬಿ.ಎಸ್ಸಿ.ಯಲ್ಲಿ ಪ್ರತಿ ಸೆಮಿಸ್ಟರ್‌ನಲ್ಲಿಯೂ ಸಂಖ್ಯಾಶಾಸ್ತ್ರವಿದೆ. ನನಗೆ ಇಲ್ಲಿಯೇ ಓದುವ ಮನಸ್ಸಿದೆ, ಅಪ್ಪನಿಗೆ ಭಯವಿದೆ.

ಅಧ್ಯಾಪಕಿ: ಅಪ್ಪನ ಭಯ ಸಹಜ, ಮಗಳೇ. ಐಐಟಿಯ ಅರ್ಹತಾ ಹಂತದ ನಾಲ್ಕು ವಾರಗಳ ಪಾಠವನ್ನು ಮೊದಲು ಮಾಡಿ ನೋಡು. ಅದರಲ್ಲಿಯೇ ಗಣಿತ, ಸಂಖ್ಯಾಶಾಸ್ತ್ರ ಎರಡೂ ಇವೆ. ಬಿ.ಎಸ್ಸಿ.ಯ ಅರ್ಜಿಯನ್ನು ಮಾತ್ರ ನಾಳೆಯೇ ಸಲ್ಲಿಸು.