ಪದಚರ್ಚೆ: ಲೋಹದ ಮುದ್ರಣದಲ್ಲಿ ‘ಕಣ’ ಯಾವುದು, ‘ಹರಳು’ ಯಾವುದು?

ಪ್ರಶ್ನೆ: ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಇರುವ ಟೈಟಾನಿಯಂ ಮಿಶ್ರಲೋಹದ ಪುಡಿಯನ್ನು ಲೇಸರಿನಿಂದ ಪದರಪದರವಾಗಿ ಕರಗಿಸಿ ಬಿಡಿಭಾಗ ಮಾಡುವ ಕುರಿತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಬರೆದ ಕರಡಿನಲ್ಲಿ ‘ಕಣ ಚಿಕ್ಕದಾದಷ್ಟೂ ಬಲ ಹೆಚ್ಚು’ ಎಂಬ ವಾಕ್ಯವಿದೆ. ಇಲ್ಲಿ ‘ಕಣ’ ಎಂದರೆ ಗ್ರೇನ್, ಅಂದರೆ ಗಟ್ಟಿ ಲೋಹದೊಳಗೆ ಪರಮಾಣುಗಳು ಒಂದೇ ದಿಕ್ಕಿನಲ್ಲಿ ಜೋಡಣೆಗೊಂಡ ತುಣುಕು. ಅದೇ ಪುಟದಲ್ಲಿ ಪುಡಿಯ ಪಾರ್ಟಿಕಲ್‌ಗೂ ‘ಕಣ’ವೇ. ಹೀಗೆ ಬಿಡಬಹುದೇ?

ಉತ್ತರ: ಬಿಡಬಾರದು. ಆ ವಾಕ್ಯ ನಂಬಿದವರು ಇನ್ನೂ ನುಣ್ಣನೆಯ ಪುಡಿ ತರಿಸುತ್ತಾರೆ. ಬಲ ಹೆಚ್ಚುವುದಿಲ್ಲ; ತೀರಾ ಸಣ್ಣ ಪುಡಿ ಒಂದಕ್ಕೊಂದು ಅಂಟಿಕೊಂಡು ಸಮನಾಗಿ ಹರಡುವುದಿಲ್ಲ, ಪದರದಲ್ಲಿ ಖಾಲಿ ಜಾಗ ಬೀಳುತ್ತದೆ. ಸಾಮಾನ್ಯವಾಗಿ ಬಳಸುವ ಪುಡಿ 15–45 ಮೈಕ್ರಾನಿನದು. ಲೇಸರ್ ಬಿದ್ದ ಕಡೆ ಅದು ಪೂರ್ತಿ ಕರಗುತ್ತದೆ, ಅದರ ಗಾತ್ರದ ಗುರುತೇ ಉಳಿಯದು. ಗ್ರೇನ್ ಹುಟ್ಟುವುದು ಆಮೇಲೆ, ಕರಗಿದ ಲೋಹ ಗಟ್ಟಿಯಾಗುವಾಗ. ಹಾಗಾಗಿ ಪುಡಿಗೆ ‘ಕಣ’, ಗ್ರೇನಿಗೆ ‘ಹರಳು’ ಇರಲಿ.

ಈ ಲೋಹದಲ್ಲಿ ‘ಹರಳು’ ಒಂದೇ ಪದವೂ ಸಾಲದು. ಪ್ರತಿ ಪದರ ಕರಗುವಾಗ ಕೆಳಗಿನ ಪದರಗಳೂ ಮತ್ತೆ ಕರಗುವುದರಿಂದ ಬೀಟಾ ಹರಳು (ಹೆಚ್ಚು ಬಿಸಿಯಲ್ಲಿ ಈ ಲೋಹ ತಾಳುವ ಪರಮಾಣು ಜೋಡಣೆಯದು) ಹಳೆಯದರ ಮೇಲೇ ಮುಂದುವರಿದು, ಹತ್ತಾರು ಪದರ ದಾಟಿ ನೆಟ್ಟಗೆ ಬೆಳೆಯುತ್ತದೆ. ಇದಕ್ಕೆ ‘ಕಂಬಹರಳು’ ಎನ್ನೋಣ. ಬಳಿಕ ಸೆಕೆಂಡಿಗೆ ಲಕ್ಷ ಡಿಗ್ರಿಗೂ ಮೀರಿದ ವೇಗದಲ್ಲಿ ತಣಿಯುವಾಗ, ಆ ಕಂಬದೊಳಗೆ ಮಾರ್ಟೆನ್ಸೈಟ್ (ತಟ್ಟನೆ ತಣಿದಾಗ ಹುಟ್ಟುವ ಗಡಸು ರಚನೆ) ಸೂಜಿಗಳು ಮೂಡುತ್ತವೆ. ಮುದ್ರಿಸಿದ ಭಾಗದ ಬಲ ಹೆಚ್ಚಾಗಿ ಈ ಸೂಜಿಗಳದ್ದು, ಹಿಗ್ಗದೆ ಬೇಗ ಮುರಿಯುವ ದೋಷಕ್ಕೂ ಇವು ಕಾರಣ.

ಕಂಬಹರಳು, ಸೂಜಿ ಇವೆರಡನ್ನು ಬದಲಿಸುವ ದಾರಿಗಳೇ ಬೇರೆ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಕಾಯಿಸಿದರೆ ಸೂಜಿಗಳು ಒಡೆದು ತೆಳು ಆಲ್ಫಾ–ಬೀಟಾ ಪಟ್ಟಿಗಳಾಗುತ್ತವೆ (ಆಲ್ಫಾ ಎಂದರೆ ಕಡಿಮೆ ಬಿಸಿಯಲ್ಲಿನ ಪರಮಾಣು ಜೋಡಣೆ). ಬಲ ಸ್ವಲ್ಪ ಇಳಿದು ಹಿಗ್ಗುವ ಗುಣ ಬರುತ್ತದೆ. ಕಂಬಹರಳು ಮಾತ್ರ ಹಾಗೇ ಇರುತ್ತದೆ. ಅದನ್ನು ಅಳಿಸಲು ಸುಮಾರು 995 ಡಿಗ್ರಿ (ಲೋಹವಿಡೀ ಬೀಟಾ ಆಗುವ ಬಿಸಿ) ದಾಟಬೇಕು, ಆಗ ಹರಳುಗಳು ದಪ್ಪವಾಗುವ ಅಪಾಯವಿದೆ.

ಕರಡಿನಲ್ಲಿರುವ ‘ಶಕ್ತಿಸಾಂದ್ರತೆ’ (ಒಂದು ಘನ ಮಿ.ಮೀ.ಗೆ ಲೇಸರ್ ಕೊಡುವ ಶಕ್ತಿ) ಸರಿಯಾದ ಪದ, ಸೂತ್ರವನ್ನೂ ಕೊಡಿ: ಉದಾಹರಣೆಗೆ, ಲೇಸರಿನ 280 ವ್ಯಾಟ್ ಅನ್ನು 1200 ಮಿ.ಮೀ./ಸೆಕೆಂಡ್ ವೇಗ, 0.14 ಮಿ.ಮೀ. ಗೆರೆಯಂತರ (ಅಕ್ಕಪಕ್ಕದ ಲೇಸರ್ ಗೆರೆಗಳ ನಡುವಿನ ದೂರ), 0.03 ಮಿ.ಮೀ. ಪದರದ ದಪ್ಪ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಘನ ಮಿ.ಮೀ.ಗೆ ಸುಮಾರು 55.6 ಜೂಲ್. ಆದರೆ ಅಂಕಿ ಒಂದೇ ಆದ ಮಾತ್ರಕ್ಕೆ ಒಳರಚನೆ ಒಂದೇ ಆಗದು. ಹೆಚ್ಚು ವ್ಯಾಟ್–ಹೆಚ್ಚು ವೇಗಕ್ಕೂ ಕಡಿಮೆ ವ್ಯಾಟ್–ಕಡಿಮೆ ವೇಗಕ್ಕೂ ಕರಗಿದ ಕೊಳದ ಆಳ, ತಣಿಯುವ ವೇಗ ಬೇರೆಬೇರೆ.

ತಿದ್ದಿದ ವಾಕ್ಯ ಹೀಗಿರಲಿ: ‘ಮಾರ್ಟೆನ್ಸೈಟ್ ಸೂಜಿ ತೆಳುವಾದಷ್ಟೂ ಬಲ ಹೆಚ್ಚು, ಅದನ್ನು ನಿರ್ಧರಿಸುವುದು ತಣಿಯುವ ವೇಗ, ಪುಡಿಕಣದ ಗಾತ್ರವಲ್ಲ.’